ಐದನೇ ತಿಂಗಳ ಸ್ಕ್ಯಾನ್ ಮತ್ತು ವಪೆಯ ರಂಧ್ರ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಉದ್ಯೋಗದ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಸಂಘಟಕರು ಕೇಳಿದ್ದರು. ಅವರ ಒಪ್ಪಿಗೆ ಪಡೆದು ಬೇರೆ ವಿಷಯ ಆರಿಸಿಕೊಂಡಿದ್ದೇನೆ. ನಾನು ಬಿ.ಇ. ಓದಿದವನು, ವೈದ್ಯನಲ್ಲ. ಆದರೆ ನನ್ನ ಮಗಳು ಹುಟ್ಟುವಾಗಲೇ ಅವಳ ವಪೆಯಲ್ಲಿ ರಂಧ್ರವಿತ್ತು. ಆ ಕಾರಣಕ್ಕೆ ಕಲಿತದ್ದನ್ನು ಹೇಳಿದರೆ ಇಲ್ಲಿ ಕುಳಿತ ಯಾರಿಗಾದರೂ ಉಪಯೋಗವಾದೀತು.

ವಪೆ ಎಂಬ ಪದವನ್ನು ನಾವೆಲ್ಲ ಕಲಿತದ್ದು ಇದೇ ಶಾಲೆಯಲ್ಲಿ. ತಳವಿಲ್ಲದ ಬಾಟಲಿಯೊಳಗೆ ಎರಡು ಬಲೂನು ಕಟ್ಟಿ, ತಳಕ್ಕೆ ರಬ್ಬರ್ ಹಾಳೆ ಬಿಗಿದು ವಿಜ್ಞಾನದ ಮೇಷ್ಟ್ರು ತೋರಿಸುತ್ತಿದ್ದರು. ಹಾಳೆ ಎಳೆದರೆ ಬಲೂನು ಉಬ್ಬುತ್ತಿತ್ತು. ಆ ಹಾಳೆಯೇ ವಪೆ, ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಸ್ನಾಯುವಿನ ಪರದೆ. ಗರ್ಭದ ಮೊದಲ ಮೂರು ತಿಂಗಳೊಳಗೆ ಅದು ಪೂರ್ತಿ ಕೂಡಿಕೊಳ್ಳಬೇಕು. ಸುಮಾರು 3,000 ಮಕ್ಕಳಲ್ಲಿ ಒಂದಕ್ಕೆ, ಹೆಚ್ಚಾಗಿ ಎಡಬದಿಯಲ್ಲಿ, ಕೂಡಿಕೊಳ್ಳುವುದಿಲ್ಲ. ಕರುಳು, ಜಠರ, ಕೆಲವೊಮ್ಮೆ ಯಕೃತ್ತಿನ ಭಾಗವೂ ಎದೆಗೆ ಏರುತ್ತವೆ. ಶ್ವಾಸಕೋಶಕ್ಕೆ ಬೆಳೆಯಲು ಜಾಗ ಸಾಲದು. ಇದೇ ಜನ್ಮಜಾತ ವಪೆಯ ಹರ್ನಿಯಾ. ತಾಯಿ ಗ್ರಹಣ ನೋಡಿದ್ದಕ್ಕೂ, ಭಾರ ಎತ್ತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಮನೆಯ ಹಿರಿಯರು ದಯವಿಟ್ಟು ಸೊಸೆಯನ್ನು ದೂರಬೇಡಿ.

ಗರ್ಭದಲ್ಲಿ ಮಗುವಿಗೆ ಉಸಿರಾಟದ ಕೆಲಸವಿಲ್ಲ, ಮಾಸು ಆಮ್ಲಜನಕ ಕೊಡುತ್ತದೆ. ಹಾಗಾಗಿ ಮಗು ಆರಾಮವಾಗಿಯೇ ಇರುತ್ತದೆ, ತಾಯಿಗೂ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು 18ರಿಂದ 20ನೇ ವಾರದ ಸ್ಕ್ಯಾನ್‌ನಲ್ಲಿ. ಹೃದಯದ ಪಕ್ಕದಲ್ಲೇ ಜಠರ ಕಾಣುತ್ತದೆ, ಹೃದಯ ಬಲಕ್ಕೆ ಸರಿದಿರುತ್ತದೆ. ನಮಗೆ ತಿಳಿದದ್ದೂ ಹಾಗೆಯೇ. ಆಮೇಲೆ ಹೃದಯದ ಸ್ಕ್ಯಾನ್, ವರ್ಣತಂತುಗಳ ಪರೀಕ್ಷೆ ಆಯಿತು. ತಲೆಯ ಅಳತೆಗೆ ಹೋಲಿಸಿ ಶ್ವಾಸಕೋಶ ಎಷ್ಟು ಬೆಳೆದಿದೆ, ಯಕೃತ್ತು ಮೇಲೇರಿದೆಯೇ ಎಂದು ನೋಡಿ ತೀವ್ರತೆ ಅಂದಾಜು ಮಾಡಿದರು. ಕೆಲವು ಮಕ್ಕಳಲ್ಲಿ ಸ್ಕ್ಯಾನ್‌ಗೂ ಸಿಗುವುದಿಲ್ಲ. ಹುಟ್ಟಿದ ಕೂಡಲೇ ಏದುಸಿರು, ನೀಲಿ ಬಣ್ಣ, ಉಬ್ಬಿದ ಎದೆ, ಒಳಸರಿದ ಹೊಟ್ಟೆ ಕಂಡರೆ ಎಕ್ಸ್‌ರೇಯಲ್ಲಿ ತಿಳಿಯುತ್ತದೆ.

ರಂಧ್ರವಿದ್ದರೆ ಹುಟ್ಟಿದ ತಕ್ಷಣ ಹೊಲಿಯಬಹುದಲ್ಲ ಎಂದು ನೆಂಟರೆಲ್ಲ ಕೇಳಿದರು. ಹಿಂದೆ ವೈದ್ಯರೂ ಹಾಗೆಯೇ ಮಾಡುತ್ತಿದ್ದರು. 1946ರಲ್ಲಿ ಬೋಸ್ಟನ್‌ನ ರಾಬರ್ಟ್ ಗ್ರಾಸ್ ಒಂದು ದಿನವೂ ತುಂಬದ ಮಗುವಿಗೆ ಶಸ್ತ್ರಚಿಕಿತ್ಸೆ ಮಾಡಿ ಉಳಿಸಿದ್ದರು. 1980ರ ದಶಕದಿಂದ ಈಚೆಗೆ ತಿಳುವಳಿಕೆ ಬದಲಾಯಿತು. ಜೀವಕ್ಕೆ ಅಪಾಯ ತರುವುದು ರಂಧ್ರಕ್ಕಿಂತ ಹೆಚ್ಚಾಗಿ ಚಿಕ್ಕ ಶ್ವಾಸಕೋಶ ಮತ್ತು ಅದರ ರಕ್ತನಾಳಗಳಲ್ಲಿನ ಅಧಿಕ ಒತ್ತಡ. ಆದ್ದರಿಂದ ಮೊದಲು ಉಸಿರು, ನಂತರ ಹೊಲಿಗೆ. ಮುಖಕ್ಕೆ ಮಾಸ್ಕ್ ಹಿಡಿದು ಗಾಳಿ ಒತ್ತಿದರೆ ಅದು ಜಠರಕ್ಕೂ ಹೋಗಿ ಶ್ವಾಸಕೋಶವನ್ನು ಇನ್ನಷ್ಟು ಅದುಮುತ್ತದೆ. ಅದಕ್ಕಾಗಿ ನೇರ ಶ್ವಾಸನಾಳಕ್ಕೆ ನಳಿಗೆ ಇಡುತ್ತಾರೆ, ಜಠರದ ಗಾಳಿ ತೆಗೆಯಲು ಇನ್ನೊಂದು ನಳಿಗೆ. ವೆಂಟಿಲೇಟರ್ ಮೆಲುವಾಗಿ ನಡೆಸುತ್ತಾರೆ. ಮಗು ಸ್ಥಿರವಾದ ಮೇಲೆ ಅಂಗಗಳನ್ನು ಕೆಳಗಿಳಿಸಿ ರಂಧ್ರ ಹೊಲಿಯುತ್ತಾರೆ, ದೊಡ್ಡದಿದ್ದರೆ ಕೃತಕ ತೇಪೆ ಹಾಕುತ್ತಾರೆ. ಅತಿ ತೀವ್ರವಾದಾಗ ಗರ್ಭದಲ್ಲೇ ಮಗುವಿನ ಶ್ವಾಸನಾಳಕ್ಕೆ ಪುಟ್ಟ ಬಲೂನು ಇಟ್ಟು ಶ್ವಾಸಕೋಶ ಬೆಳೆಸುವ ವಿಧಾನವೂ ಕೆಲವೇ ಕೇಂದ್ರಗಳಲ್ಲಿದೆ. 2021ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಬಲೂನಿಟ್ಟ ಮಕ್ಕಳಲ್ಲಿ ಶೇ. 40, ಇಡದವರಲ್ಲಿ ಶೇ. 15 ಉಳಿದವು.

ನನ್ನ ಮಗಳಿಗೆ ಐದನೇ ದಿನ ಶಸ್ತ್ರಚಿಕಿತ್ಸೆಯಾಯಿತು. ತಿಂಗಳ ನಂತರ ಮನೆಗೆ ಬಂದೆವು. ಹಾಲು ಕಕ್ಕುವುದು, ತೂಕ ಏರದಿರುವುದು ಒಂದು ವರ್ಷ ಕಾಡಿತು. ಈಗ ಆರು ವರ್ಷ, ಇಂದು ಈ ಮೈದಾನದಲ್ಲೇ ಓಡುತ್ತಿದ್ದಾಳೆ. ಅವಳ ಪಕ್ಕದ ಹಾಸಿಗೆಯ ಮಗುವಿಗೂ ಇದೇ ಕಾಯಿಲೆ. ಅದರ ತಾಯಿಗೆ ಆ ಸ್ಕ್ಯಾನ್ ಆಗಿರಲಿಲ್ಲ. ದೂರದ ಊರಲ್ಲಿ ಹುಟ್ಟಿ, ಆಂಬುಲೆನ್ಸ್‌ನಲ್ಲಿ ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದಿತ್ತು. ಎರಡನೇ ದಿನ ತೀರಿಕೊಂಡಿತು. ಮೊದಲೇ ಗೊತ್ತಿದ್ದರೂ ಎಲ್ಲ ಮಕ್ಕಳೂ ಉಳಿಯುವುದಿಲ್ಲ ನಿಜ. ಆದರೆ ಆ ಗಂಟೆಗಳನ್ನಾದರೂ ಉಳಿಸಬಹುದು.

ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಈ ಮಾತು ಮುಖ್ಯ. ಮಣಿಪಾಲಕ್ಕೆ ಹೋಗಲು ಆಗುಂಬೆಯೋ ಹುಲಿಕಲ್ಲೋ ಘಾಟಿ ಇಳಿಯಬೇಕು. ಸಾಗರದಿಂದ ಶಿವಮೊಗ್ಗಕ್ಕೇ ಸುಮಾರು 70 ಕಿ.ಮೀ. ಆಷಾಢದ ಮಳೆಯಲ್ಲಿ, ನಡುರಾತ್ರಿ, ಉಸಿರಾಡಲಾರದ ಕೂಸನ್ನು ಸಾಗಿಸುವುದಕ್ಕಿಂತ ಗರ್ಭದಲ್ಲಿರುವಾಗಲೇ ತಾಯಿಯನ್ನು ಕರೆದೊಯ್ಯುವುದು ಸುರಕ್ಷಿತ. ಮಣಿಪಾಲದ ಕಸ್ತೂರಬಾ ಆಸ್ಪತ್ರೆಯಂತೆ ಹೆರಿಗೆ, ನವಜಾತ ಶಿಶುಗಳ ತೀವ್ರ ನಿಗಾ, ಮಕ್ಕಳ ಶಸ್ತ್ರಚಿಕಿತ್ಸೆ ಮೂರೂ ಒಂದೇ ಕಡೆ ಇರುವಲ್ಲಿ ಮೊದಲೇ ಮಾತಾಡಿ, ಕೊನೆಯ ವಾರಗಳಲ್ಲಿ ಹತ್ತಿರವೇ ಉಳಿದುಕೊಳ್ಳಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ. ಐದನೇ ತಿಂಗಳ ಸ್ಕ್ಯಾನ್ ಎಲ್ಲಿ ಎಂದು ಅಂದೇ ಕೇಳಿ. ಗಂಡೋ ಹೆಣ್ಣೋ ಎಂದು ಕೇಳಬೇಡಿ, ಅದು 1994ರ ಕಾಯ್ದೆಯಂತೆ ಅಪರಾಧ. ಅಂಗಾಂಗ ಸರಿಯಿದೆಯೇ ಎಂದು ಕೇಳಿ. ಖರ್ಚಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವು ಸಿಗುವುದೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಹೆರಿಗೆಗೆ ಮೊದಲೇ ವಿಚಾರಿಸಿ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಸುವರ್ಣ ಮಹೋತ್ಸವದ ನಿಧಿಯಲ್ಲಿ ಸಣ್ಣದೊಂದು ಪಾಲನ್ನು ಒಳಹಳ್ಳಿಯ ಗರ್ಭಿಣಿಯರ ಸ್ಕ್ಯಾನ್ ಪ್ರಯಾಣಕ್ಕೆ ತೆಗೆದಿಡೋಣ. ಯಾರಿಗೆ ಬೇಕು ಎಂಬುದು ನಮ್ಮ ಆಶಾ ಕಾರ್ಯಕರ್ತೆಯರಿಗೆ ಗೊತ್ತು. ಮೊದಲ ವರ್ಷದ ವಾಹನ ವೆಚ್ಚ ನಾನು ಕೊಡುತ್ತೇನೆ. ಮುಂದಿನದಕ್ಕೆ ನೀವೆಲ್ಲ ಕೈಜೋಡಿಸಬೇಕು.