ಕಂಬಳದ ಗೆರೆ ಮತ್ತು ಕ್ಯಾಮೆರಾ
(ಯುವಕ ಮಂಡಲದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರದ ವಿಚಾರ ಹೇಳಬೇಕಾದ ಗ್ರಾಮಸೇವಕನು ಕ್ಯಾಮೆರಾದ ಮಾತೆತ್ತಿದನೆಂದು ತಾವು ನಗಬಹುದು. ಕೃಷಿ ಡಿಪ್ಲೊಮಾದಲ್ಲಿ ಇದನ್ನು ನನಗೆ ಯಾರೂ ಕಲಿಸಲಿಲ್ಲ. ತಪ್ಪು ಮಾಡಿ ಕಲಿತೆ.

ಕಳೆದ ಕಂಬಳದಲ್ಲಿ ಎರಡು ಜೊತೆ ಕೋಣಗಳು ಸರಿಸುಮಾರು ಒಟ್ಟಿಗೇ ಮಂಜೊಟ್ಟಿ ಮುಟ್ಟಿದುವು. ತೀರ್ಪುಗಾರರು ಆಚೆ ಕರೆಗೆ ಗೆಲುವು ಕೊಟ್ಟರು. ನಾನು ನನ್ನ ಫೋನಿನ ಚಿತ್ರ ನೋಡಿ, ಈಚೆ ಕರೆಯದೇ ಮುಂದೆಂದು ನಾಲ್ಕು ಜನರೆದುರು ಹೇಳಿಬಿಟ್ಟೆ. ಅಂದಿನಿಂದ ಆ ಎರಡು ಮನೆಗಳಿಗೆ ಮಾತಿಲ್ಲ. ನಾಟಿಗೆ ಪರಸ್ಪರ ಆಳು ಕಳಿಸುತ್ತಿದ್ದವರು ಈ ಸಲ ಕಳಿಸಲಿಲ್ಲ.

ಮರುದಿನ ಅದೇ ಜಾಗದಲ್ಲಿ ನಿಂತು ನೋಡಿದೆ. ನಾನು ಗೆರೆಯ ನೇರಕ್ಕಿರಲಿಲ್ಲ. ಹತ್ತಡಿ ಗಂತಿನ ಕಡೆಗಿದ್ದೆ. ಹಾಗೆ ಓರೆಯಾಗಿ ನೋಡಿದರೆ, ಎರಡು ಜೊತೆ ಸಮವಾಗಿದ್ದರೂ ಹತ್ತಿರದ ಜೊತೆ ಮುಂದಿದ್ದಂತೆ ತೋರುತ್ತದೆ. ಎರಡು ಮನೆಗೂ ಹೋಗಿ ನನ್ನ ತಪ್ಪನ್ನು ಹೇಳಿದೆ. ಒಂದು ಮನೆಯಲ್ಲಿ ಮಜ್ಜಿಗೆ ಕೊಟ್ಟರು, ಇನ್ನೊಂದರಲ್ಲಿ ಕೊಡಲಿಲ್ಲ.

ಇದಕ್ಕೆ ಉಪಾಯ ಸುಲಭ. ಗೆರೆಯ ಎರಡು ತುದಿಗೂ ಒಂದೊಂದು ತೆಳ್ಳನೆಯ ಕೋಲು ನೆಡಿ. ಹತ್ತಿರದ ಕೋಲು ದೂರದ ಕೋಲನ್ನು ಪೂರಾ ಮರೆ ಮಾಡುವಲ್ಲಿ ಕ್ಯಾಮೆರಾ ಇಡಿ. ಆ ಮೇಲೆ ಅದನ್ನು ಯಾರೂ ಮುಟ್ಟತಕ್ಕದ್ದಲ್ಲ.

ಇನ್ನು ವೇಗದ ಮಾತು. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ತಮಗೆಲ್ಲ ಗೊತ್ತು. ಎಂದರೆ ಸೆಕೆಂಡಿಗೆ ಸುಮಾರು ಹತ್ತೂವರೆ ಮೀಟರು. ಕ್ಯಾಮೆರಾ ಸೆಕೆಂಡಿಗೆ 25 ಚಿತ್ರ ತೆಗೆದರೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಕೋಣ 42 ಸೆಂಟಿಮೀಟರು ಸಾಗಿರುತ್ತದೆ. ಮೂತಿಯಷ್ಟು ಅಂತರದ ಗೆಲುವು ಅಲ್ಲಿ ಮಾಯವಾಗುತ್ತದೆ. 50 ಚಿತ್ರವಾದರೆ 21 ಸೆಂಟಿಮೀಟರು. 120 ಆದರೆ ಒಂಬತ್ತರೊಳಗೆ. ಆದುದರಿಂದ ಕೊಳ್ಳುವಾಗ ಅಂಗಡಿಯವರು ಹೇಳುವ ಮೆಗಾಪಿಕ್ಸೆಲ್ ಲೆಕ್ಕ ಬಿಡಿ, ಸೆಕೆಂಡಿಗೆ ಎಷ್ಟು ಚಿತ್ರವೆಂದು ಕೇಳಿ. ಶಟರಿನ ವೇಗವನ್ನು ಕೈಯಿಂದ ನಿಲ್ಲಿಸಲು ಬರಬೇಕು. ಹಗಲಿನಲ್ಲಿ ಅದನ್ನು ಸೆಕೆಂಡಿನ 500ನೆಯ ಒಂದು ಭಾಗಕ್ಕೆ ಇಟ್ಟರೆ ಕೋಣದ ಚಿತ್ರ ಕಲಸುವುದು ಎರಡು ಸೆಂಟಿಮೀಟರು ಮಾತ್ರ.

ರಾತ್ರಿ ಓಟಕ್ಕೆ ಇದು ನಡೆಯದು. ನಮ್ಮ ವಿದ್ಯುತ್ತಿನ ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಅದು ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಚಿತ್ರ ಬೆಳಗಿ ಆರುತ್ತದೆ. ಆಗ ಶಟರನ್ನು 100ನೆಯ ಒಂದು ಭಾಗಕ್ಕೆ ಇಳಿಸಿ, ಕಲಸಿದ್ದನ್ನು ಸಹಿಸಿಕೊಳ್ಳಬೇಕು.

ಕನೆಹಲಗೆಗೆ ಜಾಗವೇ ಬೇರೆ. ಅಲ್ಲಿ ಬೇಕಾದದ್ದು ನೀರು ಆರೂವರೆ ಕೋಲಿನ ನಿಶಾನೆಗೆ ತಾಗಿತೇ ಎಂಬುದು. ಸೂರ್ಯ ಬೆನ್ನಿಗಿರಲಿ, ನಿಶಾನೆಯ ಬಟ್ಟೆ ಪೂರ್ತಿ ಕಾಣಲಿ.

ಮಂಡಲದ ಹಣದಲ್ಲಿ ದೊಡ್ಡ ಕ್ಯಾಮೆರಾ ಕೊಳ್ಳಬೇಕೆಂದು ಕೆಲವರ ಆಸೆ. ನನಗೆ ಅದು ಸರಿ ಕಾಣುವುದಿಲ್ಲ. 120 ಚಿತ್ರ ತೆಗೆಯುವ ಫೋನು ಊರಿನಲ್ಲಿ ಈಗಾಗಲೇ ಹಲವರ ಬಳಿ ಉಂಟು. ಇಲ್ಲದಿರುವುದು ಅಲುಗದ ಮುಕ್ಕಾಲಿ. ಮೊದಲು ಅದನ್ನು ಕೊಳ್ಳಿ. ಉಳಿದ ಹಣದಲ್ಲಿ ಇನ್ನೊಂದು ಬ್ಯಾಟರಿ. ಕಂಬಳ ರಾತ್ರಿಯೆಲ್ಲ ನಡೆಯುತ್ತದೆ, ಒಳ್ಳೆಯ ಚಿತ್ರಕ್ಕೆ ಗಂಟೆಗೆ 20 ಗಿಗಾಬೈಟಿಗಿಂತ ಹೆಚ್ಚು ಜಾಗ ಹಿಡಿಯುವುದುಂಟು. ಓಟ ಮುಗಿದೊಡನೆ ನಿಲ್ಲಿಸುವ ಅಭ್ಯಾಸವಿರಲಿ.

ಇನ್ನೊಂದು ಫೋನು ಗಂತಿನ ಬಳಿ ಇರಲಿ, ಓಡಿಸುವವರ ಕೈ ಕಾಣುವಂತೆ. 2017ರಲ್ಲಿ ರಾಜ್ಯವು ಕಾಯಿದೆ ತಿದ್ದಿ ಕಂಬಳಕ್ಕೆ ಅವಕಾಶ ಕೊಟ್ಟಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಕೋಣಕ್ಕೆ ಹಿಂಸೆಯಾಯಿತೆಂದು ಯಾರಾದರೂ ದೂರಿದರೆ, ನಮ್ಮ ಬಾಯಿಮಾತಿಗಿಂತ ಆ ಚಿತ್ರ ಮೇಲು. ಹಿಂಸೆ ನಡೆದಿದ್ದರೆ ಅದೂ ಅದರಲ್ಲೇ ಕಾಣುತ್ತದೆ; ಯಜಮಾನರು ಇದನ್ನು ಮೊದಲೇ ತಿಳಿದಿರಲಿ.

ಬರುವ ಭಾನುವಾರ ಸಂಜೆ ಕೆಳಗಿನ ಗದ್ದೆಯಲ್ಲಿ ಕೋಣಗಳ ಅಭ್ಯಾಸ ಓಟವಿದೆ. ಆ ಎರಡು ಮನೆಯವರನ್ನೂ ಕರೆದಿದ್ದೇನೆ. ಫೋನು ನಾನು ತರುತ್ತೇನೆ. ಕೋಲು ಎರಡು ಯಾರಾದರೂ ಕಡಿದು ತನ್ನಿ.