ಎಂಜಿನ್ ಬಿಚ್ಚಿಸುವುದೋ, ಬೇರೆ ಗಾಡಿ ಕೊಳ್ಳುವುದೋ?



ಕಳೆದ ಸುಗ್ಗಿಯ ಹೊತ್ತಿಗೆ ನಾನು ನಮ್ಮೂರಾದ ಬನ್ನೂರಿಗೆ ಹೋಗಿದ್ದೆ. ಸಂಜೆ ಜಗಲಿಯ ಮೇಲೆ ಕುಳಿತಿದ್ದಾಗ ನೆರೆಮನೆಯ ಹುಡುಗನೊಬ್ಬ ಹಳೆಯ ಯೆಜ್ಡಿ ರೋಡ್‌ಕಿಂಗ್ ಮೋಟಾರ್ ಸೈಕಲ್ಲನ್ನು ತಳ್ಳಿಕೊಂಡು ಬಂದ. ಮೈಸೂರಿನ ಕಾಲೇಜೊಂದರಲ್ಲಿ ಪದವಿ ತರಗತಿ ಓದುತ್ತಿರುವ ಹುಡುಗ. ನಾನು ಪಾಲಿಟೆಕ್ನಿಕ್ಕಿನಲ್ಲಿ ಆಟೋಮೊಬೈಲ್ ವಿಷಯ ಕಲಿಸಿದವನೆಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಆದುದರಿಂದ ಇಂಥ ಪ್ರಶ್ನೆಗಳು ನಾನಿದ್ದಲ್ಲಿಗೇ ಬರುತ್ತವೆ.

“ಸಾ, ಇದು ನಮ್ಮ ಸೋದರಮಾವಂದು. ನಂಗೇ ಕೊಟ್ಬುಟ್ರು. ಮೈಸೂರಲ್ಲಿ ಒಬ್ರು ಮೆಕ್ಯಾನಿಕ್ ಅವ್ರೆ. ಎಂಜಿನ್ ಬಿಚ್ಚಿ, ಪೋರ್ಟ್ ಉಜ್ಜಿ, ಸೈಲೆನ್ಸರ್ ಬದಲಾಯ್ಸಿ ಕೊಡ್ತೀನಿ, ಗಾಳಿ ಹಂಗೆ ಹೋಯ್ತದೆ ಅಂತವ್ರೆ. ನಲವತ್ತು ಸಾವ್ರ ಆಯ್ತದಂತೆ. ನಮ್ಮಪ್ಪ ನೋಡುದ್ರೆ, ಕಬ್ಬಿನ ದುಡ್ಡು ಬರ್ಲಿ, ಇದ್ನ ಮಾರಾಕಿ ಹೊಸಾದು ತಕೊಳ್ಳುವಂತೆ ಅಂತವ್ರೆ. ಏನ್ ಮಾಡ್ಲಿ ಸಾ?”

ಪ್ರಶ್ನೆ ಬನ್ನೂರಿನದಾದರೂ ಪ್ರಪಂಚದ ಎಲ್ಲ ಊರುಗಳಲ್ಲೂ ಯುವಕರು ಇದನ್ನು ಕೇಳುತ್ತಾರೆ. ಹೊರದೇಶಗಳಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಇದನ್ನೇ ಚರ್ಚಿಸುತ್ತಾರೆ: ಇರುವ ಕಾರಿನ ಎಂಜಿನ್ನಿನ ಶಕ್ತಿ ಹೆಚ್ಚಿಸಬೇಕೋ, ಅದನ್ನು ಮಾರಿ ಅದೇ ಕಂಪನಿಯ ಹೆಚ್ಚು ಶಕ್ತಿಯ ಮಾದರಿಯನ್ನು ಕೊಳ್ಳಬೇಕೋ? ನಮ್ಮ ಕಡೆ ಸ್ಪೋರ್ಟ್ಸ್ ಕಾರಿನ ಸ್ಥಾನದಲ್ಲಿ ನಿಂತದ್ದು ಮೋಟಾರ್ ಸೈಕಲ್ಲು. ಅದರಲ್ಲೂ ಮೈಸೂರು ಸೀಮೆಯವರಿಗೆ ಜಾವಾ ಮತ್ತು ಯೆಜ್ಡಿ ಎಂದರೆ ಮನೆಯ ಮಕ್ಕಳಿದ್ದಂತೆ.

ಈ ಗಾಡಿಯ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಎಂಬ ಕಾರ್ಖಾನೆ 1960ರ ದಶಕದ ಆರಂಭದಲ್ಲಿ ಕೆಲಸ ಪ್ರಾರಂಭಿಸಿತು. ಚೆಕೊಸ್ಲೊವಾಕಿಯದ ಜಾವಾ ಕಂಪನಿಯ ಪರವಾನಗಿ ಪಡೆದು 250 ಸಿ.ಸಿ. ಗಾಡಿಗಳನ್ನು ಅಲ್ಲಿ ತಯಾರಿಸಿದರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1978ರಲ್ಲಿ ರೋಡ್‌ಕಿಂಗ್ ಬಂದಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು, 16 ಅಶ್ವಶಕ್ತಿ. ಕಿಕ್ ಹೊಡೆಯುವ ಸನ್ನೆಯೇ ಗೇರು ಬದಲಾಯಿಸುವ ಸನ್ನೆಯೂ ಆಗಿತ್ತು. ಹೊಸಬರು ಅದರ ಮುಂದೆ ನಿಂತು ಕಕ್ಕಾಬಿಕ್ಕಿಯಾಗುವುದನ್ನು ನೋಡುವುದೇ ನಮಗೊಂದು ಮೋಜು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ಗಾಡಿಗಳು ಮುಚ್ಚಲಿಲ್ಲ. ಇಂದಿಗೂ ಮೈಸೂರಿನಲ್ಲಿ ಅವುಗಳ ಎಂಜಿನ್ನಿನ ಶಬ್ದವನ್ನು ಕಿವಿಯಲ್ಲೇ ಕೇಳಿ ಕಾಯಿಲೆ ಹೇಳುವ ಮೆಕ್ಯಾನಿಕ್ಕುಗಳಿದ್ದಾರೆ.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ನಾನು ಅವನಿಗೆ ಒಂದು ಹಾಳೆ, ಒಂದು ಪೆನ್ನು ಕೊಟ್ಟು, “ಮೊದಲು ಲೆಕ್ಕ ಮಾಡು” ಎಂದೆ.

ಗಾಡಿಯು ವೇಗವಾಗಿ ಓಡುವಾಗ ಅದರ ಮುಖ್ಯ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಆ ತಡೆಯನ್ನು ಮೀರಲು ಬೇಕಾದ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಅಂದರೆ ವೇಗ ಎರಡರಷ್ಟಾಗಬೇಕಾದರೆ ಗಾಳಿಯನ್ನು ಸೀಳಲು ಎಂಟರಷ್ಟು ಶಕ್ತಿ ಬೇಕು. ಈಗ 16 ಅಶ್ವಶಕ್ತಿಯ ಗಾಡಿ ಗಂಟೆಗೆ 110 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಮೆಕ್ಯಾನಿಕ್ ಬಹಳ ಜಾಣನಾಗಿದ್ದು, ಶಕ್ತಿಯನ್ನು ನಾಲ್ಕನೆಯ ಒಂದು ಪಾಲು ಹೆಚ್ಚಿಸಿ 20 ಅಶ್ವಶಕ್ತಿ ಮಾಡಿಕೊಟ್ಟ ಎನ್ನೋಣ. ಹೊಸ ವೇಗ ಎಷ್ಟು? 1.25ರ ಘನಮೂಲ ಸುಮಾರು 1.08. ಆದ್ದರಿಂದ ವೇಗ ಹೆಚ್ಚೆಂದರೆ 118 ಅಥವಾ 119 ಕಿಲೋಮೀಟರ್. ಹುಡುಗ ಲೆಕ್ಕವನ್ನು ಎರಡು ಸಲ ಮಾಡಿದ. “ಬರೀ ಎಂಟೊಂಬತ್ತು ಕಿಲೋಮೀಟ್ರಿಗೆ ನಲವತ್ತು ಸಾವ್ರವಾ?” ಎಂದ. ಗಾಡಿ ಎದ್ದೋಡುವ ಚುರುಕು ಇದಕ್ಕಿಂತ ಹೆಚ್ಚು ತಿಳಿಯುತ್ತದೆ ಎಂಬುದು ನಿಜ. ಅದನ್ನೂ ಅವನಿಗೆ ಹೇಳಿದೆ. ಆದರೆ ಆ ಚುರುಕು ಎಲ್ಲಿಂದ ಬರುತ್ತದೆ?

ಯೆಜ್ಡಿಯದು ಎರಡು ಹೊಡೆತದ ಎಂಜಿನ್, ಟೂ ಸ್ಟ್ರೋಕ್ ಎನ್ನುತ್ತೇವಲ್ಲ, ಅದು. ಅದರಲ್ಲಿ ಕವಾಟಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ, ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತಾ ಅವನ್ನು ತೆರೆಯುತ್ತದೆ, ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿಯ ಮೇಲಂಚನ್ನು ಅರದಿಂದ ಒಂದೆರಡು ಮಿಲಿಮೀಟರ್ ಉಜ್ಜಿದರೆ ಅದು ಬೇಗ ತೆರೆಯುತ್ತದೆ. ಎಂಜಿನ್ ಜೋರಾಗಿ ತಿರುಗುವಾಗ ಶಕ್ತಿ ಹೆಚ್ಚುತ್ತದೆ. ಆದರೆ ಮೆಲ್ಲಗೆ ತಿರುಗುವಾಗ ಇದ್ದ ಎಳೆತ ಕಡಿಮೆಯಾಗುತ್ತದೆ. ಎರಡನ್ನೂ ಒಟ್ಟಿಗೆ ಪಡೆಯುವುದು ಅರದ ಕೆಲಸವಲ್ಲ.

ಇದನ್ನು ನಾನು ಪುಸ್ತಕದಲ್ಲಿ ಮಾತ್ರ ಓದಿ ಹೇಳುತ್ತಿಲ್ಲ. 1985ರಲ್ಲಿ, ಹೊಸದಾಗಿ ಡಿಪ್ಲೊಮಾ ಮುಗಿಸಿದ ಹುಮ್ಮಸ್ಸಿನಲ್ಲಿ, ನಾನೂ ನನ್ನ ಗೆಳೆಯನೂ ಸೇರಿ ನಮ್ಮ ಹಳೆಯ ಯೆಜ್ಡಿಯ ಸಿಲಿಂಡರನ್ನು ಹಿತ್ತಲಲ್ಲಿ ಬಿಚ್ಚಿ ಹೀಗೇ ಉಜ್ಜಿದೆವು. ಸೈಲೆನ್ಸರುಗಳ ಒಳಗಿನ ತಡಿಕೆಗಳನ್ನು ಕಿತ್ತು ಹಾಕಿದೆವು. ಗಾಡಿ ಊರಿಗೆಲ್ಲ ಕೇಳುವಂತೆ ಗುಡುಗಿತು. ಆದರೆ ಮರುದಿನವೇ ನಮ್ಮ ತಂದೆ ಎರಡು ಮೂಟೆ ಗೊಬ್ಬರ ಹೇರಿ ನಾಲೆಯ ಏರಿ ಹತ್ತಿಸಲು ಹೋದರೆ, ಗಾಡಿ ಮುಕ್ಕರಿಯುತ್ತಾ ನಿಂತುಬಿಟ್ಟಿತು. “ಚೆನ್ನಾಗಿ ಓದ್ಕೊಂಡ್ ಬಂದೆ ಕಣಪ್ಪ” ಎಂದಷ್ಟೇ ಅವರು ಹೇಳಿದ್ದು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. ಸೈಲೆನ್ಸರು ಸಡಿಲಾದ ಮೇಲೆ ಎಂಜಿನ್ ಹೆಚ್ಚು ಗಾಳಿ ಎಳೆಯತೊಡಗಿತ್ತು. ಅದಕ್ಕೆ ತಕ್ಕಂತೆ ಕಾರ್ಬುರೇಟರಿನಲ್ಲಿ ದೊಡ್ಡ ಜೆಟ್ ಹಾಕಿ ಪೆಟ್ರೋಲು ಹೆಚ್ಚಿಸಬೇಕಿತ್ತು. ನಾವು ಹಾಕಲಿಲ್ಲ. ಪೆಟ್ರೋಲು ಸಾಲದ ಮಿಶ್ರಣ ಬಿಸಿಯಾಗಿ ಉರಿಯುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಸಿಲಿಂಡರು ಬೀಡು ಕಬ್ಬಿಣದ್ದು. ಒಂದೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ನೀವು ಭೌತಶಾಸ್ತ್ರದ ಪಾಠದಲ್ಲಿ ಹಿಗ್ಗುವಿಕೆಯ ಗುಣಾಂಕವನ್ನು ಉರು ಹೊಡೆದಿರುತ್ತೀರಿ, ನಾನೂ ಹೊಡೆದಿದ್ದೆ. ಮೈಸೂರಿನಿಂದ ಬನ್ನೂರಿಗೆ ಬರುವ ದಾರಿಯಲ್ಲಿ, ತಿರುವೊಂದರ ಹತ್ತಿರ, ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಂಡಿತು. ಹಿಂದಿನ ಚಕ್ರ ಒಮ್ಮೆಲೇ ನಿಂತಿತು. ಕ್ಲಚ್ ಹಿಡಿಯಬೇಕೆಂದು ಹೊಳೆಯುವಷ್ಟರಲ್ಲಿ ಇಬ್ಬರೂ ಗದ್ದೆಯ ಕೆಸರಿನಲ್ಲಿದ್ದೆವು. ನನಗೆ ತರಚು ಗಾಯ. ಹಿಂದೆ ಕುಳಿತಿದ್ದ ಗೆಳೆಯನ ಮಣಿಕಟ್ಟು ಮುರಿಯಿತು. ಅವನ ಬಲಗೈ ಇಂದಿಗೂ ಪೂರ್ತಿ ಮಡಚುವುದಿಲ್ಲ. ಗಾಡಿಯ ತಪ್ಪೇನೂ ಇರಲಿಲ್ಲ. ಅರ ಹಿಡಿದಿದ್ದು ನನ್ನ ಕೈ.

ಹಾಗೆಂದು ಎಂಜಿನ್ನನ್ನು ತಿದ್ದುವುದೇ ಹುಚ್ಚರ ಕೆಲಸ ಎನ್ನುತ್ತಿಲ್ಲ. ಆ ವಿದ್ಯೆಯ ದೊಡ್ಡ ಗುರು ಪೂರ್ವ ಜರ್ಮನಿಯ ವಾಲ್ಟರ್ ಕಾಡೆನ್. ಎಂ.ಜೆಡ್. ಕಂಪನಿಯಲ್ಲಿ ಎಂಜಿನಿಯರಾಗಿದ್ದ ಆತ 1950ರ ದಶಕದಲ್ಲಿ ಸೈಲೆನ್ಸರಿನೊಳಗೆ ಹೋಗಿಬರುವ ಒತ್ತಡದ ಅಲೆಗಳನ್ನು ಅಳೆದು ನೋಡಿದ. ಹೊರಗೆ ಜಾರುವ ಹಸಿ ಮಿಶ್ರಣವನ್ನು ಆ ಅಲೆಯೇ ಮತ್ತೆ ಸಿಲಿಂಡರಿನೊಳಕ್ಕೆ ತಳ್ಳುವಂತೆ, ಹೊಟ್ಟೆ ಉಬ್ಬಿದ ಆಕಾರದ ಕೊಳವೆ ಮಾಡಿದ. 1961ರ ಹೊತ್ತಿಗೆ ಕೇವಲ 125 ಸಿ.ಸಿ. ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದ. ಅದೇ ವರ್ಷ ಅವರ ಸವಾರ ಅರ್ನ್‌ಸ್ಟ್ ಡೆಗ್ನರ್ ಸ್ವೀಡನ್ನಿನ ಪಂದ್ಯದ ವೇಳೆ ದೇಶ ಬಿಟ್ಟು ಓಡಿ, ಈ ವಿದ್ಯೆಯೊಡನೆ ಜಪಾನಿನ ಸುಜುಕಿ ಕಂಪನಿ ಸೇರಿದ. 1962ರಲ್ಲಿ ಸುಜುಕಿಗೆ 50 ಸಿ.ಸಿ. ವಿಭಾಗದ ವಿಶ್ವ ಪ್ರಶಸ್ತಿ ಗೆದ್ದುಕೊಟ್ಟ. ಪತ್ತೇದಾರಿ ಕಾದಂಬರಿಯಂತಿದೆಯಲ್ಲವೆ? ಆದರೆ ಒಂದು ಮಾತು ಗಮನಿಸಿ. ಆ ಸ್ವೀಡನ್ ಪಂದ್ಯದಲ್ಲೇ ಡೆಗ್ನರನ ಎಂಜಿನ್ ನಡುದಾರಿಯಲ್ಲಿ ಕೆಟ್ಟು ನಿಂತಿತ್ತು. ಕಾಡೆನ್ನನ ಬಳಿ ಅಳೆಯುವ ಉಪಕರಣಗಳಿದ್ದವು, ಪ್ರತಿ ಪಂದ್ಯಕ್ಕೂ ಎಂಜಿನ್ ಬಿಚ್ಚುವ ತಂಡವಿತ್ತು, ಎದುರಿಗೆ ಎತ್ತಿನ ಗಾಡಿ ಬಾರದ ರಸ್ತೆಯಿತ್ತು. ಆಗಲೂ ಹೀಗಾಯಿತು.

ಈಗ ಬ್ರೇಕಿನ ವಿಚಾರ. ಯಾರೂ ಮೆಕ್ಯಾನಿಕ್ಕಿನ ಬಳಿ ಹೋಗಿ, “ನನ್ನ ಗಾಡಿ ಬೇಗ ನಿಲ್ಲುವಂತೆ ಮಾಡಿಕೊಡಿ” ಎನ್ನುವುದಿಲ್ಲ. ಗಾಡಿ ಮತ್ತು ಸವಾರ ಸೇರಿ 210 ಕಿಲೋ ತೂಕ ಎನ್ನೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 29 ಕಿಲೋಜೌಲ್. 80ರಲ್ಲಿ 52. 100ರಲ್ಲಿ 81. ಬ್ರೇಕ್ ಹಾಕಿದಾಗ ಈ ಶಕ್ತಿಯೆಲ್ಲ ಶಾಖವಾಗಿ, ಹೆಚ್ಚಿನ ಪಾಲು ಆ ಎರಡು ಸಣ್ಣ ಡ್ರಮ್ಮುಗಳಲ್ಲೇ ಇಳಿಯಬೇಕು. ಡ್ರಮ್ ಕಾದಷ್ಟೂ ಹಿಡಿತ ಸಡಿಲಾಗುತ್ತದೆ. ದೂರದ ಲೆಕ್ಕವನ್ನೂ ನೋಡಿ. ಎದುರಿಗೆ ಏನೋ ಕಂಡು ಕೈ ಬ್ರೇಕಿಗೆ ಹೋಗಲು ಒಂದು ಸೆಕೆಂಡು ಹಿಡಿಯುತ್ತದೆ ಎಂದುಕೊಂಡರೆ, ಸಾಧಾರಣ ಬ್ರೇಕಿನಲ್ಲಿ 60ರ ವೇಗದಿಂದ ನಿಲ್ಲಲು ಸುಮಾರು 45 ಮೀಟರ್ ಬೇಕು. 80ರಿಂದಾದರೆ ಸುಮಾರು 72 ಮೀಟರ್. ಕಬ್ಬು ಕಡಿಯುವ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಹಿಂದೆ ದೀಪವಿಲ್ಲದ ಗಾಡಿಗಳು, ಟ್ರ್ಯಾಕ್ಟರುಗಳು ರಾತ್ರಿ ಎಷ್ಟು ಹತ್ತಿರ ಬಂದ ಮೇಲೆ ಕಾಣುತ್ತವೆ ಎಂಬುದು ಬನ್ನೂರಿನವರಿಗೆ ನಾನು ಹೇಳಬೇಕಾಗಿಲ್ಲ.

ಒಳ್ಳೆಯ ಕಂಪನಿ ವೇಗದ ಮಾದರಿ ತಯಾರಿಸುವಾಗ ಎಂಜಿನ್ ಒಂದನ್ನೇ ಮುಟ್ಟುವುದಿಲ್ಲ. 1976ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ ತನ್ನ ಗಾಲ್ಫ್ ಎಂಬ ಸಂಸಾರಸ್ಥರ ಕಾರಿಗೆ 110 ಅಶ್ವಶಕ್ತಿಯ ಎಂಜಿನ್ ಕೂರಿಸಿ ಗಾಲ್ಫ್ ಜಿ.ಟಿ.ಐ. ಎಂದು ಹೊರತಂದಿತು. ಜೊತೆಗೇ ಮುಂದಿನ ಚಕ್ರಗಳಿಗೆ ಗಾಳಿಯಾಡುವ ಡಿಸ್ಕ್ ಬ್ರೇಕು ಹಾಕಿ, ಕಾರಿನ ಮೈಯನ್ನೂ ನೆಲಕ್ಕೆ ಹತ್ತಿರ ತಂದಿತು. ಕೊಳ್ಳುವವನು ದುಡ್ಡು ಕೊಡುವುದು ಈ ಹೊಂದಾಣಿಕೆಗೆ.

ಆದರೆ ಹೆಚ್ಚು ಶಕ್ತಿಯ ಗಾಡಿ ಕೊಂಡ ಮಾತ್ರಕ್ಕೆ ಎಲ್ಲವೂ ಸರಿಯಾಯಿತು ಎಂದೂ ಹೇಳಲಾರೆ. ನಮ್ಮ ದೇಶದ್ದೇ ಉದಾಹರಣೆಯಿದೆ. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಯಮಾಹಾದ ಆರ್.ಡಿ. 350 ಗಾಡಿಯನ್ನು ರಾಜ್‌ದೂತ್ 350 ಎಂಬ ಹೆಸರಿನಲ್ಲಿ ಇಲ್ಲಿ ತಂದಿತು. ಎರಡು ಸಿಲಿಂಡರು, ಸುಮಾರು 30 ಅಶ್ವಶಕ್ತಿ, ಅಂದರೆ ರೋಡ್‌ಕಿಂಗ್‌ನ ಹೆಚ್ಚುಕಡಿಮೆ ಎರಡರಷ್ಟು. ಆದರೆ ಜಪಾನಿನ ಮೂಲ ಗಾಡಿಯ ಮುಂದಿನ ಚಕ್ರಕ್ಕಿದ್ದ ಡಿಸ್ಕ್ ಬ್ರೇಕಿನ ಬದಲು ಇಲ್ಲಿಯದಕ್ಕೆ ಡ್ರಮ್ ಬ್ರೇಕ್ ಹಾಕಿದ್ದರು. ಆ ಗಾಡಿಯ ಹುಚ್ಚು ಹಿಡಿದವರು ಬಹಳ ಮಂದಿ, ಅದರಿಂದ ಬಿದ್ದವರೂ ಕಡಿಮೆಯಲ್ಲ. ಆದುದರಿಂದ ಹೊಸ ಗಾಡಿ ನೋಡಲು ಹೋದಾಗ ಅಶ್ವಶಕ್ತಿಯ ಅಂಕಿಗಿಂತ ಮೊದಲು ಚಕ್ರದ ಕಡೆ ಬಗ್ಗಿ ನೋಡಿ. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು ದ್ರವದಿಂದ ತಂಪಾಗುವ 334 ಸಿ.ಸಿ. ಎಂಜಿನ್, ಸುಮಾರು 29 ಅಶ್ವಶಕ್ತಿ, ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ. ಬೆಲೆ ಆಗ ಸುಮಾರು 2 ಲಕ್ಷ ರೂಪಾಯಿ. ದುಬಾರಿಯೇ. ಆದರೆ ನಲವತ್ತು ಸಾವಿರಕ್ಕೆ ಬರುವ ನಾಲ್ಕು ಅಶ್ವಶಕ್ತಿಯ ಪಕ್ಕದಲ್ಲಿಟ್ಟು ನೋಡಿ.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ಮಾಲೀಕನು ವಾಹನವನ್ನು ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ ಎರಡೂ ಬೀಳಬಹುದು. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲೂ ದಾರಿಯಾಗುತ್ತದೆ.

ನನ್ನ ಅಭಿಪ್ರಾಯವನ್ನು ಹುಡುಗನಿಗೆ ಮುಚ್ಚುಮರೆಯಿಲ್ಲದೆ ಹೇಳಿದೆ. ವೇಗ ಬೇಕಾದರೆ ವೇಗಕ್ಕೆಂದೇ ಇಡಿಯಾಗಿ ರೂಪಿಸಿದ ಗಾಡಿ ಕೊಳ್ಳಬೇಕು, ಅದೂ ಅಪ್ಪನ ಕಬ್ಬಿನ ದುಡ್ಡಿನಿಂದಲ್ಲ, ತನ್ನ ಸಂಬಳದಿಂದ. ಎಂಜಿನ್ ಬಿಚ್ಚುವ ಆಸೆಯಿದ್ದರೆ ಧಾರಾಳವಾಗಿ ಬಿಚ್ಚಲಿ. ಪಿಸ್ಟನ್ ಅಳೆಯಲಿ, ರಿಂಗು ಬದಲಾಯಿಸಲಿ, ಕಾರ್ಬುರೇಟರ್ ತೊಳೆಯಲಿ. ಆದರೆ ಕಂಪನಿಯವರು ಬಿಟ್ಟ ಅಳತೆಗೇ ಅದನ್ನು ಮರಳಿ ಜೋಡಿಸಲಿ. ಎಷ್ಟೋ ಹಳೆಯ ಗಾಡಿಗಳು ಅಷ್ಟರಿಂದಲೇ ಕಳೆದುಕೊಂಡ ಎರಡು ಮೂರು ಅಶ್ವಶಕ್ತಿಯನ್ನು ಮತ್ತೆ ಪಡೆಯುತ್ತವೆ. ಸೋದರಮಾವನ ಗಾಡಿಯನ್ನು ಮಾರಬೇಡ ಎಂದೂ ಹೇಳಿದೆ. ಅದು ಎಂಜಿನಿಯರನ ಮಾತಲ್ಲ, ಮೈಸೂರಿನವನ ಮಾತು ಎಂದುಕೊಳ್ಳಿ.

ಅವನು ಒಪ್ಪಿದಂತೆ ಕಾಣಲಿಲ್ಲ. ಗಾಡಿ ತಳ್ಳಿಕೊಂಡು ಹೊರಟುಹೋದ. ಮೂರನೆಯ ದಿನ ಬೆಳಿಗ್ಗೆ ಕೈಯೆಲ್ಲ ಮಸಿ ಮಾಡಿಕೊಂಡು ಬಂದು ನಿಂತ. ಕಾಗದದಲ್ಲಿ ಸುತ್ತಿದ್ದ ಎರಡು ಬ್ರೇಕ್ ಶೂಗಳನ್ನು ಜಗಲಿಯ ಮೇಲಿಟ್ಟ. ಲೈನರ್ ಪೂರ್ತಿ ಸವೆದು, ಒಂದು ಕಡೆ ಬರೀ ಲೋಹ ಹೊಳೆಯುತ್ತಿತ್ತು.

“ಹಿಂದಿನ ಚಕ್ರದ್ದು ಸಾ. ಇದ್ರಲ್ಲೇ ನಾನು ಇಷ್ಟ್ ದಿನ ಮೈಸೂರ್‌ಗೆ ಹೋಗಿ ಬತ್ತಿದ್ದೆ” ಎಂದ. ಸ್ವಲ್ಪ ತಡೆದು, “ಮುಂದಿನ ಚಕ್ರಾನೂ ಬಿಚ್ಚಬೇಕು, ಹದಿನೇಳರ ಸ್ಪ್ಯಾನರ್ ಇದ್ರೆ ಕೊಡಿ” ಎಂದ.

ಕೊಟ್ಟೆ.