ನೀರಿನ ಬ್ಯಾರಲ್ ಮತ್ತು ನಮ್ಮ ಗಣಿತ

(ಶತಮಾನೋತ್ಸವದ ಪಾಲಕರ ಸಭೆಯಲ್ಲಿ ಮುಖ್ಯಾಧ್ಯಾಪಕಿಯವರು ಮಾಡಿದ ಭಾಷಣ)



ಕನ್ನಡದಲ್ಲಿ ಗಣಿತ ಕಲಿತ ಮಗು ಮುಂದೆ ಹಿಂದೆ ಬೀಳುವುದಿಲ್ಲವೆ ಎಂದು ತಾವು ಕೇಳುತ್ತೀರಿ. ಈ ಪ್ರಶ್ನೆಗೆ ಉತ್ತರವನ್ನು ನಮ್ಮ ಅಂಗಳದ ನೀರಿನ ಬ್ಯಾರಲ್‌ನಲ್ಲಿಯೇ ಹುಡುಕೋಣ. ಉಮರಗಾ, ನಿಲಂಗಾ, ಉದಗೀರ ಭಾಗದವರಿಗೆ ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವುದು ಹೊಸತಲ್ಲ.

ಬ್ಯಾರಲ್ ಒಂದು ಸಿಲಿಂಡರ್. ಒಂದೇ ಅಳತೆಯ ಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅದರ ಆಕಾರ. ಒಂದು ರೊಟ್ಟಿಯ ವಿಸ್ತೀರ್ಣವನ್ನು ಒಟ್ಟು ಎತ್ತರದಿಂದ ಗುಣಿಸಿದರೆ ಘನಫಲ ದೊರೆಯುತ್ತದೆ. ವಿಸ್ತೀರ್ಣಕ್ಕಾಗಿ ತ್ರಿಜ್ಯವನ್ನು ತ್ರಿಜ್ಯದಿಂದಲೇ ಗುಣಿಸಿ, ಬಂದುದನ್ನು 22/7ರಿಂದ ಗುಣಿಸಬೇಕು.

ಬ್ಯಾರಲ್‌ನ ಒಳವ್ಯಾಸ 56 ಸೆಂ.ಮೀ., ಎತ್ತರ 85 ಸೆಂ.ಮೀ. ಇದೆಯೆನ್ನಿ. ತ್ರಿಜ್ಯ 28, ತಳದ ವಿಸ್ತೀರ್ಣ 2,464 ಚದರ ಸೆಂ.ಮೀ. ಘನಫಲ 2,09,440 ಘನ ಸೆಂ.ಮೀ. ಸಾವಿರ ಘನ ಸೆಂ.ಮೀ.ಗೆ ಒಂದು ಲೀಟರಾದ್ದರಿಂದ ಇದು ಸುಮಾರು 209 ಲೀಟರು. 15 ಲೀಟರಿನ ಕೊಡದಿಂದ ಹೆಚ್ಚುಕಡಿಮೆ 14 ಕೊಡ. ತ್ರಿಜ್ಯದ ಬದಲು ವ್ಯಾಸವನ್ನೇ ಹಿಡಿದರೆ ಉತ್ತರ ನಾಲ್ಕು ಪಟ್ಟಾಗಿ ಸುಮಾರು 838 ಲೀಟರು ಬರುತ್ತದೆ. ಸೂತ್ರವನ್ನು ಬರಿದೆ ಬಾಯಿಪಾಠ ಮಾಡಿದವರು ಅದನ್ನು ಬರೆದು ಮುಂದೆ ಸಾಗುತ್ತಾರೆ. ಕೊಡ ಹೊತ್ತು ಬ್ಯಾರಲ್ ತುಂಬಿದ ಮಗು ಮಾತ್ರ ನಿಂತು, ‘ಇಷ್ಟು ನೀರು ಇದರಾಗ ಹಿಡಿಯೂದಿಲ್ಲ’ ಎನ್ನುತ್ತದೆ. ಆ ಅನುಮಾನವೇ ಗಣಿತದ ಆರಂಭ. ಅದು ಮನೆಮಾತಿನಲ್ಲಿಯೇ ಮೊದಲು ಹುಟ್ಟುತ್ತದೆ.

ಹಣ ಕೊಟ್ಟು ಕೊಂಡ ಬ್ಯಾರಲ್‌ನಲ್ಲಿ ಮೇಲೆ 10 ಸೆಂ.ಮೀ. ಬರಿದಾಗಿ ಉಳಿದರೆ ಸುಮಾರು 25 ಲೀಟರು, ಅಂದರೆ ಒಂದೂವರೆ ಕೊಡಕ್ಕಿಂತ ಹೆಚ್ಚು ನೀರು ಕಡಿಮೆಯಾಯಿತು. ಹೊಲದ ಬಾವಿಗೂ ಇದೇ ಲೆಕ್ಕ. 7 ಮೀಟರ್ ವ್ಯಾಸದ ದುಂಡು ಬಾವಿಯಲ್ಲಿ ನೀರು ಒಂದು ಮೀಟರ್ ಇಳಿದರೆ 38,500 ಲೀಟರು ಹೋಯಿತೆಂದರ್ಥ. 2016ರ ಏಪ್ರಿಲ್‌ನಲ್ಲಿ ಮೀರಜದಿಂದ ಲಾತೂರಿಗೆ ಬಂದ ಮೊದಲ ನೀರಿನ ರೈಲನ್ನು ನಾವಾರೂ ಮರೆತಿಲ್ಲ. ಅದರ ಹತ್ತು ವ್ಯಾಗನ್‌ಗಳೂ ಅಡ್ಡ ಮಲಗಿಸಿದ ಸಿಲಿಂಡರ್‌ಗಳೇ. ಅವು ತಂದ ನೀರು ಸುಮಾರು 5 ಲಕ್ಷ ಲೀಟರು. ನಮ್ಮ ಬ್ಯಾರಲ್‌ಗಳ ಲೆಕ್ಕದಲ್ಲಿ ಸುಮಾರು 2,400. ಒಂದು ನಗರಕ್ಕೆ ಅದೆಷ್ಟು ಹೊತ್ತು ಸಾಕಾದೀತೆಂದು ಮಕ್ಕಳೇ ಲೆಕ್ಕ ಹಾಕಬಲ್ಲರು.

ಈ ವಿದ್ಯೆ ನಮ್ಮ ನಾಡಿಗೆ ಹೊರಗಿನದಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಅಗೆದ ಹೊಂಡಗಳ ಅಳತೆಗೆಂದೇ ಒಂದು ಅಧ್ಯಾಯವಿದೆ. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ಮುಂದೆ ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಓದುವಾಗ ಮಕ್ಕಳು ಹೊಸ ಪದಗಳನ್ನು ಕಲಿಯಲೇಬೇಕು, ಕಲಿಯುತ್ತಾರೆ. ಅರ್ಥ ಮನದಟ್ಟಾಗಿದ್ದರೆ ಪದ ಬದಲಿಸುವುದು ಕಷ್ಟವಲ್ಲ. ಪಾಲಕರಲ್ಲಿ ನನ್ನದೊಂದು ವಿನಂತಿ: ಈ ವಾರ ಮಕ್ಕಳ ಕೈಗೆ ಅಳತೆಯ ಟೇಪು ಕೊಡಿರಿ. ಬ್ಯಾರಲ್ ಅಳೆಯಲಿ, ಲೆಕ್ಕ ಮಾಡಲಿ, ಅನಂತರ ಕೊಡದಿಂದ ತುಂಬಿ ತಾಳೆ ನೋಡಲಿ. ಎರಡೂ ಉತ್ತರಗಳು ಕೂಡದಿದ್ದರೆ ಕಾರಣವನ್ನು ಅವರೇ ಹುಡುಕಲಿ, ನೀವು ಹೇಳಿಕೊಡಬೇಡಿರಿ.